ಅಮೆರಿಕದ ಸಂವಿಧಾನ: ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ತಲಾ ಇಬ್ಬರೇ ಸೆನೆಟರು ಯಾಕೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಈ ಸಲ ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಹೋಲಿಸುವ ಪೇಪರ್ ಇದೆ. ಅಮೆರಿಕದ ಪಾಠಕ್ಕೆ ಸಿಗುವ ನೋಟ್ಸ್ ಎಲ್ಲಾ ಒಂದೇ ಥರ. ಲಿಖಿತ ಸಂವಿಧಾನ, ಜನರ ಪರಮಾಧಿಕಾರ, ಒಕ್ಕೂಟ ವ್ಯವಸ್ಥೆ, ಅಧಿಕಾರ ವಿಭಜನೆ, ನ್ಯಾಯಾಂಗ ವಿಮರ್ಶೆ. ಪಟ್ಟಿ ಬಾಯಿಪಾಠ ಆಗಿಬಿಟ್ಟಿದೆ. ಯಾಕೆ ಹಾಗೆ ಮಾಡಿಕೊಂಡರು ಅನ್ನೋದು ಮಾತ್ರ ಸಿಗುತ್ತಿಲ್ಲ.

ಜಾಸ್ತಿ ಕಾಡುತ್ತಿರುವುದು ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ. 2020ರ ಜನಗಣತಿ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.95 ಕೋಟಿ ಜನ. ವಯೋಮಿಂಗ್‌ನಲ್ಲಿ ಸುಮಾರು 5.77 ಲಕ್ಷ. ಎರಡಕ್ಕೂ ತಲಾ ಇಬ್ಬರು ಸೆನೆಟರು. ಅಂದರೆ ಸೆನೆಟ್ ಲೆಕ್ಕದಲ್ಲಿ ವಯೋಮಿಂಗ್‌ನ ಒಬ್ಬ, ಕ್ಯಾಲಿಫೋರ್ನಿಯಾದ ಹೆಚ್ಚುಕಡಿಮೆ 68 ಜನಕ್ಕೆ ಸಮ. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31 ಸ್ಥಾನ, ಕರ್ನಾಟಕಕ್ಕೆ 12, ಗೋವಾಕ್ಕೆ 1. ಅಲ್ಲಿ ಮಾತ್ರ ಯಾಕೆ ಹೀಗೆ? ಇದರ ಹಿಂದೆ ತತ್ವ ಇದೆಯಾ, ಬರೀ ಚೌಕಾಸಿಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಇತಿಹಾಸದ ಮೇಷ್ಟ್ರು:

ಒಳ್ಳೆಯ ಜಾಗದಲ್ಲಿ ಕೈ ಇಟ್ಟಿದ್ದೀರಿ. ಸೆನೆಟ್ ಅರ್ಥವಾದರೆ ಆ ಸಂವಿಧಾನದ ಅರ್ಧ ಭಾಗ ಅರ್ಥವಾದ ಹಾಗೆ.

ನೇರ ಉತ್ತರ: ಅದು ಚೌಕಾಸಿ. ಇದನ್ನು ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಜೇಮ್ಸ್ ಮ್ಯಾಡಿಸನ್ ಅವರೇ ಒಪ್ಪಿಕೊಂಡಿದ್ದಾರೆ. ಸಂವಿಧಾನದ ಪರವಾಗಿ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ (ಫೆಡರಲಿಸ್ಟ್ ಲೇಖನಗಳಲ್ಲಿ 62ನೆಯದು) ಅವರು ಹೇಳುವುದು ಇಷ್ಟು: ಸೆನೆಟ್‌ನ ಈ ಸಮಾನತೆಯನ್ನು ಸಿದ್ಧಾಂತದ ಅಳತೆಗೋಲಿನಿಂದ ಅಳೆಯಲು ಹೋಗಬೇಡಿ, ಇದು ರಾಜಿಯಿಂದ ಬಂದದ್ದು. ವಿಶೇಷ ಅಂದರೆ, ಫಿಲಡೆಲ್ಫಿಯಾದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಮ್ಯಾಡಿಸನ್ ಕೂಡ ಒಬ್ಬರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ 13 ರಾಜ್ಯಗಳು 1781ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅಂತ ಅದರ ಹೆಸರು. ಅದರಲ್ಲಿ ಅಧ್ಯಕ್ಷ ಇಲ್ಲ, ರಾಷ್ಟ್ರಮಟ್ಟದ ಕಾಯಂ ನ್ಯಾಯಾಂಗ ಇಲ್ಲ. ಇದ್ದದ್ದು ಒಂದು ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳ ಸಭೆ, ಅದರಲ್ಲಿ ಪ್ರತಿ ರಾಜ್ಯಕ್ಕೆ ಒಂದು ವೋಟು. ಆ ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ರಾಜ್ಯಗಳ ಮುಂದೆ ದುಡ್ಡು ಕೇಳಬೇಕಿತ್ತು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮದಿನ ಮೇಲೆ ಶೇ. 5 ಸುಂಕ ಹಾಕೋಣ ಅಂತ ಹೊರಟಾಗ 1782ರಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಒಪ್ಪಲಿಲ್ಲ. ಒಪ್ಪಂದ ತಿದ್ದಲು ಹದಿಮೂರೂ ರಾಜ್ಯ ಒಪ್ಪಬೇಕು ಅಂತ ನಿಯಮ. ಅಲ್ಲಿಗೆ ಕಥೆ ಮುಗಿಯಿತು. ಯುದ್ಧ ಮಾಡಿದ ಸೈನಿಕರಿಗೆ ಸಂಬಳ ಕೊಡಲು ದುಡ್ಡಿಲ್ಲ. 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಬಂದೂಕು ಹಿಡಿದು ಸುತ್ತುವರಿದಾಗ ಕಾಂಗ್ರೆಸ್ ಫಿಲಡೆಲ್ಫಿಯಾ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು.

ಆಮೇಲೆ ಬಂದದ್ದು ಮ್ಯಾಸಚೂಸೆಟ್ಸ್‌ನ ರೈತರ ದಂಗೆ. ಸಾಲ, ನಾಣ್ಯದಲ್ಲೇ ಕಟ್ಟಬೇಕಾದ ತೆರಿಗೆ, ಕೋರ್ಟಿನಿಂದ ಜಮೀನು ಜಪ್ತಿ. ಪಶ್ಚಿಮ ಭಾಗದ ರೈತರು 1786ರಲ್ಲಿ ಕೋರ್ಟುಗಳನ್ನೇ ಮುಚ್ಚಿಸಿದರು. ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿಯಲ್ಲಿ ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮೇಲೆ ಹೋದರು, ನಾಲ್ವರು ಸತ್ತರು. ಅದನ್ನು ಹತ್ತಿಕ್ಕಲು ಕೇಂದ್ರದ ಹತ್ತಿರ ಸೈನ್ಯವೂ ಇಲ್ಲ, ದುಡ್ಡೂ ಇಲ್ಲ. ಬಾಸ್ಟನ್‌ನ ವ್ಯಾಪಾರಿಗಳು ಕೊಟ್ಟ ಹಣದಲ್ಲಿ ಪಡೆ ಕಟ್ಟಿದರು. ಜಾರ್ಜ್ ವಾಷಿಂಗ್ಟನ್ ಅಂಥವರಿಗೆ ಭಯ ಹುಟ್ಟಿಸಿದ್ದು ಇದು.

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಸಭೆ. ಬಂದುಹೋದವರು 55 ಜನ, 12 ರಾಜ್ಯದಿಂದ. ರೋಡ್ ಐಲೆಂಡ್ ಬರಲೇ ಇಲ್ಲ. ಹಳೆಯ ಒಪ್ಪಂದವನ್ನು ತಿದ್ದುವುದಷ್ಟೇ ನಿಮ್ಮ ಕೆಲಸ ಅಂತ ಕಾಂಗ್ರೆಸ್ ಹೇಳಿ ಕಳಿಸಿತ್ತು. ಇವರು ಬಾಗಿಲಿಗೆ ಕಾವಲು ಹಾಕಿ, ಗುಟ್ಟು ಹೊರಗೆ ಬಿಡಬಾರದು ಅಂತ ನಿಯಮ ಮಾಡಿಕೊಂಡು, ಹಳೆಯದನ್ನು ಬದಿಗಿಟ್ಟು ಹೊಸದನ್ನೇ ಬರೆದರು.

ವರ್ಜೀನಿಯಾ ಮೊದಲು ಯೋಜನೆ ತಂದಿತು: ಎರಡು ಸದನ, ಎರಡರಲ್ಲೂ ದೊಡ್ಡ ರಾಜ್ಯಕ್ಕೆ ಹೆಚ್ಚು ಸ್ಥಾನ. ಸಣ್ಣ ರಾಜ್ಯಗಳ ಪರವಾಗಿ ನ್ಯೂಜೆರ್ಸಿ ಎದುರು ಯೋಜನೆ ಇಟ್ಟಿತು: ಹಳೆಯ ಹಾಗೆ ರಾಜ್ಯಕ್ಕೊಂದು ವೋಟು. ಸಮಾನ ವೋಟು ಬಿಟ್ಟುಕೊಡಕೂಡದು ಅಂತ ಡೆಲವೇರ್ ತನ್ನ ಪ್ರತಿನಿಧಿಗಳಿಗೆ ಮೊದಲೇ ಕಟ್ಟಪ್ಪಣೆ ಕೊಟ್ಟಿತ್ತು. ಆ ರಾಜ್ಯದ ಗನ್ನಿಂಗ್ ಬೆಡ್‌ಫರ್ಡ್ ಜೂನ್ 30ರಂದು, ನಮ್ಮ ಕೈ ಹಿಡಿಯುವ ಪರದೇಶದ ಮಿತ್ರರನ್ನು ಹುಡುಕಿಕೊಳ್ಳುತ್ತೇವೆ ಅಂತ ಎದ್ದು ನಿಂತು ಹೇಳಿದರು. ಸಭೆ ಮುರಿದು ಬೀಳುವ ಹಂತ ಅದು.

ಕೊನೆಗೆ ಕನೆಕ್ಟಿಕಟ್‌ನ ರೋಜರ್ ಶರ್ಮನ್ ಮೊದಲಾದವರು ಮಧ್ಯದ ದಾರಿ ತೋರಿಸಿದರು. ಪ್ರತಿನಿಧಿ ಸಭೆಯಲ್ಲಿ (ಕೆಳಮನೆ) ಜನಸಂಖ್ಯೆ ಪ್ರಕಾರ, ಸೆನೆಟ್‌ನಲ್ಲಿ ಸಮ. ಜುಲೈ 16ರಂದು ವೋಟು ಬಿತ್ತು: 5 ರಾಜ್ಯ ಪರ, 4 ವಿರೋಧ, ಮ್ಯಾಸಚೂಸೆಟ್ಸ್ ಒಳಗೇ ಇಬ್ಭಾಗ. ನ್ಯೂಯಾರ್ಕ್‌ನ ಇಬ್ಬರು ಪ್ರತಿನಿಧಿಗಳು ಬೇಸತ್ತು ಮನೆಗೆ ಹೋಗಿದ್ದರು, ನ್ಯೂ ಹ್ಯಾಂಪ್‌ಶೈರ್‌ನವರು ಇನ್ನೂ ಬಂದಿರಲಿಲ್ಲ. ಒಂದು ರಾಜ್ಯ ಆಚೀಚೆ ಆಗಿದ್ದರೆ ಇವತ್ತಿನ ಸೆನೆಟ್ ಹೀಗಿರುತ್ತಿರಲಿಲ್ಲ. ವಯೋಮಿಂಗ್ ಆಗ ಇರಲೂ ಇಲ್ಲ, ಅದು ರಾಜ್ಯವಾದದ್ದು 1890ರಲ್ಲಿ.

ಬಯಲುಸೀಮೆ ಓದುಗ:

ಮೇಷ್ಟ್ರೇ, ವಿವರ ಬಹಳ ಚೆನ್ನಾಗಿದೆ. ಆದರೆ ಎಲ್ಲವನ್ನೂ ಚೌಕಾಸಿ ಅಂದರೆ ಅನ್ಯಾಯ. ಸಂವಿಧಾನ ಅನ್ನೋದು ಸರ್ಕಾರಕ್ಕಿಂತ ಮೇಲಿನ ಕಾನೂನು, ಅದನ್ನು ಮಾಡಲು ಪ್ರತ್ಯೇಕ ಸಭೆ ಬೇಕು, ಜನ ಒಪ್ಪಬೇಕು. ಈ ವಿಚಾರ ಚೌಕಾಸಿಯಿಂದ ಬಂದದ್ದಲ್ಲ. 1780ರಲ್ಲೇ ಮ್ಯಾಸಚೂಸೆಟ್ಸ್ ರಾಜ್ಯ ಹಾಗೆ ಮಾಡಿ ತೋರಿಸಿತ್ತು. ಜಾನ್ ಆಡಮ್ಸ್ ಕರಡು ಬರೆದರು. ಊರೂರಿನ ಸಭೆಗಳಲ್ಲಿ ಜನ ಓದಿ, ಚರ್ಚಿಸಿ ಒಪ್ಪಿದರು. ತಿದ್ದುಪಡಿಗಳೊಂದಿಗೆ ಅದು ಇವತ್ತಿಗೂ ಚಾಲ್ತಿಯಲ್ಲಿದೆ. ಫಿಲಡೆಲ್ಫಿಯಾದವರು ಬರಿಗೈಯಲ್ಲಿ ಬಂದವರಲ್ಲ, ಹತ್ತು ವರ್ಷ ರಾಜ್ಯಗಳಲ್ಲಿ ಸಂವಿಧಾನ ಬರೆದು, ನಡೆಸಿ, ಎಡವಿ ಬಂದವರು. ಅಧಿಕಾರ ವಿಭಜನೆ ಕೂಡ ಅಲ್ಲಿಂದಲೇ ಕಲಿತ ಪಾಠ ಅಲ್ವಾ?

ಕರಾವಳಿ ವಕೀಲ:

ಹೌದು. ಆದರೆ ‘ಅಧಿಕಾರ ವಿಭಜನೆ’ ಅಂತ ನೋಟ್ಸ್‌ನಲ್ಲಿ ಬರೆದಾಗ ಮೂರು ಅಂಗಗಳು ಬೇರೆ ಬೇರೆ ಕೋಣೆಯಲ್ಲಿ ಕೂತಿವೆ ಅನ್ನುವ ಚಿತ್ರ ಬರುತ್ತದೆ. ಆ ಚಿತ್ರ ತಪ್ಪು. ಅವರು ಮಾಡಿದ್ದು, ಪ್ರತಿ ಅಂಗದ ಕೈಯನ್ನು ಇನ್ನೊಂದರ ಕೆಲಸದೊಳಗೆ ಸ್ವಲ್ಪ ಇಟ್ಟದ್ದು.

ಕಾಂಗ್ರೆಸ್ ಮಸೂದೆ ಪಾಸು ಮಾಡುತ್ತದೆ, ಅಧ್ಯಕ್ಷ ತಡೆಯಬಹುದು. ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ ಬಂದರೆ ಆ ತಡೆ ಮುರಿಯುತ್ತದೆ. ಅಧ್ಯಕ್ಷ ನ್ಯಾಯಾಧೀಶರನ್ನು, ರಾಯಭಾರಿಗಳನ್ನು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಸೈನ್ಯದ ದಂಡನಾಯಕ ಅಧ್ಯಕ್ಷ, ಯುದ್ಧ ಘೋಷಿಸುವ ಅಧಿಕಾರ ಮತ್ತು ದುಡ್ಡಿನ ಚೀಲ ಕಾಂಗ್ರೆಸ್‌ನದು. ಅಧ್ಯಕ್ಷರ ಮೇಲೆ ದೋಷಾರೋಪ ಹೊರಿಸುವುದು ಪ್ರತಿನಿಧಿ ಸಭೆ, ವಿಚಾರಣೆ ನಡೆಸುವುದು ಸೆನೆಟ್, ಅಲ್ಲೂ ಮೂರನೇ ಎರಡು ಬೇಕು. ನ್ಯಾಯಾಧೀಶರು ನಡತೆ ಸರಿ ಇರುವವರೆಗೆ ಹುದ್ದೆಯಲ್ಲಿರುತ್ತಾರೆ, ಅವರ ಸಂಬಳ ಇಳಿಸುವ ಹಾಗಿಲ್ಲ. ಸಣ್ಣದು ಅನಿಸಬಹುದು, ಆದರೆ ಸಂಬಳಕ್ಕೆ ಕತ್ತರಿ ಹಾಕಿ ನ್ಯಾಯಾಧೀಶರನ್ನು ಬಗ್ಗಿಸುವ ದಾರಿಯನ್ನೇ ಅಲ್ಲಿ ಮುಚ್ಚಿದ್ದಾರೆ.

ಮ್ಯಾಡಿಸನ್ ಇದನ್ನು ಫೆಡರಲಿಸ್ಟ್ 51ನೇ ಲೇಖನದಲ್ಲಿ ವಿವರಿಸುತ್ತಾರೆ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ, ಹಾಗಲ್ಲವಾದ್ದರಿಂದ ಒಬ್ಬರ ಮಹತ್ವಾಕಾಂಕ್ಷೆಗೆ ಇನ್ನೊಬ್ಬರ ಮಹತ್ವಾಕಾಂಕ್ಷೆಯನ್ನೇ ಎದುರು ನಿಲ್ಲಿಸಬೇಕು ಅಂತ. ನನಗೆ ಆ ಸಂವಿಧಾನದಲ್ಲಿ ಅತಿ ಹೆಚ್ಚು ಗೌರವ ಇರುವುದು ಈ ಜಾಗದಲ್ಲಿ. ಒಳ್ಳೆಯವರು ಅಧಿಕಾರಕ್ಕೆ ಬರುತ್ತಾರೆ ಅನ್ನುವ ಭರವಸೆಯ ಮೇಲೆ ಅದನ್ನು ಕಟ್ಟಲಿಲ್ಲ.

ನ್ಯಾಯಾಂಗ ವಿಮರ್ಶೆ ಬಗ್ಗೆ ಒಂದು ಮಾತು, ಪರೀಕ್ಷೆಗೆ ಬೇಕಾಗುತ್ತದೆ. ಕಾನೂನನ್ನು ಕೋರ್ಟು ರದ್ದು ಮಾಡಬಹುದು ಅಂತ ಸಂವಿಧಾನದಲ್ಲಿ ನೇರವಾಗಿ ಎಲ್ಲೂ ಬರೆದಿಲ್ಲ. ಅದು ಗಟ್ಟಿಯಾದದ್ದು 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ಮೊಕದ್ದಮೆಯಲ್ಲಿ. ಅಧ್ಯಕ್ಷ ಜಾನ್ ಆಡಮ್ಸ್ ಹುದ್ದೆ ಬಿಡುವ ಹೊತ್ತಿನಲ್ಲಿ ವಿಲಿಯಂ ಮಾರ್ಬರಿ ಅವರನ್ನು ನ್ಯಾಯಾಧಿಕಾರಿಯಾಗಿ ನೇಮಿಸಿದ್ದರು. ನೇಮಕದ ಪತ್ರ ಅವರ ಕೈ ಸೇರಲಿಲ್ಲ. ಹೊಸ ಅಧ್ಯಕ್ಷ ಜೆಫರ್ಸನ್ ಕಡೆಯವರು ಅದನ್ನು ಕೊಡಲು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದ್ದು: ಮಾರ್ಬರಿಗೆ ಪತ್ರ ಪಡೆಯುವ ಹಕ್ಕಿದೆ. ಆದರೆ ಇಂಥ ಅರ್ಜಿಯನ್ನು ನೇರವಾಗಿ ನಮ್ಮ ಹತ್ತಿರ ತರಬಹುದು ಅಂತ ಕಾಂಗ್ರೆಸ್ 1789ರಲ್ಲಿ ಮಾಡಿದ ಕಾನೂನೇ ಸಂವಿಧಾನವನ್ನು ಮೀರಿದೆ, ಆದ್ದರಿಂದ ಅದು ನಡೆಯುವುದಿಲ್ಲ. ಕೋರ್ಟು ತನಗೆ ಸಿಕ್ಕ ಚಿಕ್ಕ ಅಧಿಕಾರವನ್ನು ಬೇಡ ಅಂದು, ಬಹಳ ದೊಡ್ಡದನ್ನು ಪಡೆದುಕೊಂಡಿತು.

ಕೆಂಪುಮಣ್ಣು:

ಎಲ್ಲರೂ ಇಷ್ಟು ಬರೆದಿರಿ, ಗುಲಾಮರ ಮಾತು ಒಂದು ಸಾಲೂ ಬರಲಿಲ್ಲ. ಬೇಸರ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಆ ಚೌಕಾಸಿಯ ಬೆಲೆ ಕೊಟ್ಟವರು ಆ ಕೋಣೆಯಲ್ಲಿ ಇರಲಿಲ್ಲ. ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆ ಪ್ರಕಾರ ಸ್ಥಾನ ಅಂದಿರಿ. ಯಾವ ಜನ? ದಕ್ಷಿಣದ ರಾಜ್ಯಗಳು ತಮ್ಮ ಗುಲಾಮರನ್ನೂ ತಲೆ ಎಣಿಕೆಗೆ ಸೇರಿಸಿ ಅಂದವು. ವೋಟು ಕೊಡಲು ಅಲ್ಲ, ಸ್ಥಾನ ಹೆಚ್ಚಿಸಿಕೊಳ್ಳಲು. ಐವರು ಗುಲಾಮರನ್ನು ಮೂವರು ಅಂತ ಎಣಿಸುವುದಕ್ಕೆ ಒಪ್ಪಿಗೆ ಆಯಿತು. ‘ಕರಿಯರನ್ನು ಐದರಲ್ಲಿ ಮೂರು ಪಾಲು ಮನುಷ್ಯ ಅಂದರು’ ಅಂತ ಸುಮ್ನೆ ಹೇಳುತ್ತಾರೆ. ನಿಜ ಅದಕ್ಕಿಂತ ಕೆಟ್ಟದ್ದು. ಅವರಿಗೆ ಒಂದು ಪಾಲೂ ಸಿಗಲಿಲ್ಲ, ಮೂರು ಪಾಲೂ ಯಜಮಾನರ ಕೈಗೆ ಹೋಯಿತು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜ್‌ನಲ್ಲಿ ಪ್ರತಿನಿಧಿ ಸಭೆ ಮತ್ತು ಸೆನೆಟ್ ಎರಡರ ಲೆಕ್ಕವೂ ಸೇರುತ್ತದೆ, ಅಲ್ಲಿಗೂ ಈ ಲಾಭ ಹರಿಯಿತು. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದಷ್ಟು ಜನ ಗುಲಾಮರು.

ಇನ್ನೂ ಇದೆ. ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸುವ ಹಾಗಿಲ್ಲ. ತಿದ್ದುಪಡಿಯಿಂದ ಕೂಡ ಅದನ್ನು ಮುಟ್ಟುವ ಹಾಗಿಲ್ಲ. ಓಡಿಹೋದ ಗುಲಾಮ ಬೇರೆ ರಾಜ್ಯದಲ್ಲಿ ಸಿಕ್ಕರೂ ಯಜಮಾನನಿಗೆ ವಾಪಸ್ ಕೊಡಬೇಕು. ಇಷ್ಟೆಲ್ಲಾ ಬರೆದವರು ‘ಗುಲಾಮ’ ಅನ್ನುವ ಹೆಸರನ್ನು ಮಾತ್ರ ಎಲ್ಲೂ ಎತ್ತಲಿಲ್ಲ. ಬೇರೆ ವ್ಯಕ್ತಿಗಳು, ದುಡಿಮೆಗೆ ಕಟ್ಟುಬಿದ್ದವರು ಅಂತ ಸುತ್ತಿ ಬಳಸಿ ಬರೆದರು. ಅವರಿಗೆ ತಿಳಿಯದೆ ನಡೆದದ್ದಲ್ಲ ಇದು.

ಇತಿಹಾಸದ ಮೇಷ್ಟ್ರು:

ತಿಳಿದೇ ಮಾಡಿದರು, ಅದರಲ್ಲಿ ಅನುಮಾನ ಇಲ್ಲ. ಆಗಸ್ಟ್ 8ರಂದು ಪೆನ್ಸಿಲ್ವೇನಿಯಾದ ಪ್ರತಿನಿಧಿ ಗವರ್ನೂರ್ ಮೋರಿಸ್ ಆ ಸಭೆಯಲ್ಲೇ ಗುಲಾಮಗಿರಿಯನ್ನು ದೇವರ ಶಾಪ ಅಂದರು. ಮನುಷ್ಯರನ್ನು ಆಸ್ತಿ ಅಂತ ಒಪ್ಪುವ ಭಾವ ಸಂವಿಧಾನದಲ್ಲಿ ಬರುವುದು ತಪ್ಪು ಅಂದವರು ಮ್ಯಾಡಿಸನ್, ಅವರ ಮನೆಯಲ್ಲೇ ಗುಲಾಮರಿದ್ದರು. ಸೌತ್ ಕ್ಯಾರೊಲಿನಾ ಮತ್ತು ಜಾರ್ಜಿಯಾ ಒಕ್ಕೂಟಕ್ಕೆ ಬರುವುದಿಲ್ಲ ಅಂತ ಹೆದರಿಸಿದಾಗ ಉಳಿದವರು ಬಗ್ಗಿದರು. ಈ ಚರ್ಚೆಯೆಲ್ಲ ನಮಗೆ ಸಿಕ್ಕಿರುವುದು ಹೆಚ್ಚಾಗಿ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳಿಂದ. ಅವು ಅಚ್ಚಾದದ್ದು 1840ರಲ್ಲಿ, ಅವರು ತೀರಿಕೊಂಡ ಮೇಲೆ.

ನನ್ನ ಒಂದು ತಕರಾರು ಇದೆ. ಅಷ್ಟಕ್ಕೇ ಇಡೀ ಸಂವಿಧಾನವನ್ನು ಗುಲಾಮಗಿರಿಯ ದಾಖಲೆ ಅಂತ ಮುಚ್ಚಿಡಬಾರದು.

ಕೆಂಪುಮಣ್ಣು:

ಮುಚ್ಚಿಡಿ ಅನ್ನುತ್ತಿಲ್ಲ ಸರ್. ಗುಲಾಮಗಿರಿ ವಿರೋಧಿಗಳಲ್ಲೇ ಈ ಜಗಳ ಇತ್ತು. ವಿಲಿಯಂ ಲಾಯ್ಡ್ ಗ್ಯಾರಿಸನ್ 1854ರ ಜುಲೈ 4ರಂದು ತುಂಬಿದ ಸಭೆಯಲ್ಲಿ ಸಂವಿಧಾನದ ಪ್ರತಿಯನ್ನೇ ಸುಟ್ಟರು. ಫ್ರೆಡೆರಿಕ್ ಡಗ್ಲಾಸ್, ಸ್ವತಃ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು, ಮೊದಲು ಗ್ಯಾರಿಸನ್ ಜೊತೆಗಿದ್ದರು. ಆಮೇಲೆ ಬೇರೆಯಾದರು. ಸಂವಿಧಾನವನ್ನು ಸರಿಯಾಗಿ ಓದಿದರೆ ಅದು ಸ್ವಾತಂತ್ರ್ಯದ ದಾಖಲೆ, ಅದನ್ನು ಗುಲಾಮಗಿರಿಯ ಎದುರು ಹಿಡಿಯಬೇಕು ಅಂದರು. ನನಗೆ ಡಗ್ಲಾಸ್ ದಾರಿ ಸರಿ ಕಾಣುತ್ತದೆ. ಆದರೆ 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕರಿಯರು ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಅಂದಿತು. ಅದನ್ನು ಅಳಿಸಲು ಅಂತರ್ಯುದ್ಧ ಬೇಕಾಯಿತು, ಆರು ಲಕ್ಷಕ್ಕಿಂತ ಹೆಚ್ಚು ಜನ ಸಾಯಬೇಕಾಯಿತು. ವಕೀಲರು ಮಾರ್ಬರಿ ತೀರ್ಪನ್ನು ಹೊಗಳಿದರಲ್ಲ, ಸುಪ್ರೀಂ ಕೋರ್ಟ್ ಕಾಂಗ್ರೆಸ್‌ನ ಕಾನೂನನ್ನು ಎರಡನೇ ಸಲ ರದ್ದು ಮಾಡಿದ್ದು ಇದೇ ಡ್ರೆಡ್ ಸ್ಕಾಟ್‌ನಲ್ಲಿ.

ತುಂಗಾತೀರ:

ಇಷ್ಟು ಜಗಳದ ದಾಖಲೆಯನ್ನು ಜನ ಒಪ್ಪಿದ್ದಾದರೂ ಹೇಗೆ? ನೋಟ್ಸ್‌ನಲ್ಲಿ ‘1788ರಲ್ಲಿ ಅಂಗೀಕಾರವಾಯಿತು’ ಅಂತ ಒಂದೇ ಸಾಲು ಇದೆ.

ಬಯಲುಸೀಮೆ ಓದುಗ:

ಆ ಒಂದು ಸಾಲಿನ ಒಳಗೆ ದೊಡ್ಡ ಹೋರಾಟ ಇದೆ. ಸೋತವರ ಪರ ಸ್ವಲ್ಪ ಮಾತಾಡುತ್ತೇನೆ, ಅವರನ್ನು ಎಲ್ಲರೂ ಮರೆಯುತ್ತಾರೆ.

ಮೊದಲು ನಿಯಮ ನೋಡಿ. ಹಳೆಯ ಒಪ್ಪಂದದ ಪ್ರಕಾರ 13 ರಾಜ್ಯವೂ ಒಪ್ಪಬೇಕಿತ್ತು. ಹೊಸ ಸಂವಿಧಾನದ 7ನೇ ವಿಧಿ, 9 ರಾಜ್ಯ ಸಾಕು ಅಂದಿತು. ಒಪ್ಪುವುದೂ ಶಾಸನ ಸಭೆಗಳಲ್ಲ, ಇದಕ್ಕೆಂದೇ ಜನ ಆರಿಸಿದ ಪ್ರತ್ಯೇಕ ಸಭೆಗಳು. ರಾಜ್ಯ ಸರ್ಕಾರಗಳನ್ನು ದಾಟಿ ನೇರ ಜನರ ಹತ್ತಿರ ಹೋದದ್ದು ಜಾಣತನ ಹೌದು, ತತ್ವವೂ ಹೌದು. ರಾಜ್ಯಗಳು ಕೊಟ್ಟ ಅಧಿಕಾರವಾದರೆ ರಾಜ್ಯಗಳು ವಾಪಸ್ ಪಡೆಯಬಹುದು. ಜನರೇ ಕೊಟ್ಟದ್ದಾದರೆ?

ಇದನ್ನೇ, ಸಂವಿಧಾನವನ್ನು ವಿರೋಧಿಸಿದ ಪ್ಯಾಟ್ರಿಕ್ ಹೆನ್ರಿ ವರ್ಜೀನಿಯಾದಲ್ಲಿ ಹಿಡಿದರು. ಸಂವಿಧಾನದ ಶುರುವಿನಲ್ಲಿ ರಾಜ್ಯಗಳಾದ ನಾವು ಅನ್ನುವ ಬದಲು ಜನರಾದ ನಾವು ಅನ್ನಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರು. ಫಿಲಡೆಲ್ಫಿಯಾದಲ್ಲೇ ಕೊನೆಯ ದಿನ ಮೂವರು ಸಹಿ ಹಾಕಲಿಲ್ಲ: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್, ಎಲ್ಬ್ರಿಜ್ ಗೆರ್ರಿ. ಮೇಸನ್ ದೊಡ್ಡ ದೂರು, ಇದರಲ್ಲಿ ಹಕ್ಕುಗಳ ಪಟ್ಟಿ ಇಲ್ಲ ಅನ್ನೋದು. 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡು ಬರೆದವರು ಅವರೇ.

ಡೆಲವೇರ್ 1787ರ ಡಿಸೆಂಬರ್ 7ರಂದು ಒಮ್ಮತದಿಂದ ಒಪ್ಪಿತು. ಸೆನೆಟ್‌ನಲ್ಲಿ ಸಮಪಾಲು ಸಿಕ್ಕಿತ್ತಲ್ಲ! ಮ್ಯಾಸಚೂಸೆಟ್ಸ್‌ನಲ್ಲಿ 187 ಪರ, 168 ವಿರೋಧ. ಅದೂ ‘ಈಗ ಒಪ್ಪಿ, ಆಮೇಲೆ ತಿದ್ದುಪಡಿಗಳನ್ನು ಶಿಫಾರಸು ಮಾಡೋಣ’ ಅಂದ ಮೇಲೆ. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಮೂವರೂ ‘ಪಬ್ಲಿಯಸ್’ ಎಂಬ ಹೆಸರಲ್ಲಿ 85 ಫೆಡರಲಿಸ್ಟ್ ಲೇಖನ ಬರೆದದ್ದು ಇದೇ ನ್ಯೂಯಾರ್ಕ್ ಜನರನ್ನು ಒಪ್ಪಿಸಲು. ಕೊನೆಗೆ ಉಳಿದ ರೋಡ್ ಐಲೆಂಡ್ ಜೊತೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಯನ್ನು ಸೆನೆಟ್ ಪಾಸು ಮಾಡಿದ ಮೇಲೆ, 1790ರ ಮೇ 29ರಂದು 34ಕ್ಕೆ 32 ವೋಟಿನಿಂದ ಅದೂ ಸೇರಿತು.

ಹಕ್ಕುಗಳ ಪಟ್ಟಿ ಬೇಡ ಅನ್ನುವ ಹ್ಯಾಮಿಲ್ಟನ್ ವಾದ ಏನಿತ್ತು ಅಂದರೆ, ಕೇಂದ್ರಕ್ಕೆ ಕೊಡದ ಅಧಿಕಾರವನ್ನು ‘ಬಳಸಬೇಡ’ ಅಂತ ಬರೆಯುವುದು ಯಾಕೆ? ಹಕ್ಕುಗಳನ್ನು ಪಟ್ಟಿ ಮಾಡಿದರೆ ಪಟ್ಟಿಯಲ್ಲಿ ಇಲ್ಲದ್ದು ಹಕ್ಕೇ ಅಲ್ಲ ಅಂತ ಆಗುತ್ತೆ. ಜೆಫರ್ಸನ್ ಆಗ ಪ್ಯಾರಿಸ್‌ನಲ್ಲಿ ರಾಯಭಾರಿ. ಯಾವ ಸರ್ಕಾರದ ಎದುರಾದರೂ ಜನರಿಗೆ ಹಕ್ಕುಗಳ ಪಟ್ಟಿ ಬೇಕೇ ಬೇಕು ಅಂತ ಅಲ್ಲಿಂದ ಮ್ಯಾಡಿಸನ್‌ಗೆ ಕಾಗದ ಬರೆದರು. ಮ್ಯಾಡಿಸನ್ 1789ರ ಚುನಾವಣೆಯಲ್ಲಿ ಜೇಮ್ಸ್ ಮನ್ರೋ ಎದುರು ನಿಂತಾಗ ತಿದ್ದುಪಡಿ ತರುವುದಾಗಿ ಮಾತು ಕೊಟ್ಟರು. ಗೆದ್ದರು, ಮಾತು ಉಳಿಸಿಕೊಂಡರು. ಕಾಂಗ್ರೆಸ್ 12 ತಿದ್ದುಪಡಿ ಕಳಿಸಿತು, 1791ರ ಡಿಸೆಂಬರ್ 15ಕ್ಕೆ 10 ಅಂಗೀಕಾರವಾದವು. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ, ಸಿವಿಲ್ ಮೊಕದ್ದಮೆಗಳಲ್ಲಿ ಜ್ಯೂರಿ ವಿಚಾರಣೆ ಎಲ್ಲಾ ಅಲ್ಲಿಂದಲೇ. ಹ್ಯಾಮಿಲ್ಟನ್ ಆಕ್ಷೇಪಕ್ಕೂ ಅದರಲ್ಲೇ ಉತ್ತರ ಇದೆ: ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಬೇರೆ ಹಕ್ಕುಗಳಿಲ್ಲ ಅಂತ ಅಲ್ಲ ಅನ್ನುವ 9ನೇ ತಿದ್ದುಪಡಿ.

ಇವತ್ತು ಅಮೆರಿಕನ್ನರು ಹೆಮ್ಮೆಯಿಂದ ತೋರಿಸುವ ಭಾಗ ಸೋತ ಪಕ್ಷ ಕೊಟ್ಟದ್ದು. ಗೆದ್ದವರು ಅದನ್ನು ಬೇಡ ಅಂದಿದ್ದರು.

ಉಳಿದ ಎರಡರಲ್ಲಿ ಒಂದು, ಕಾಂಗ್ರೆಸ್ ಸದಸ್ಯರ ಸಂಬಳ ಏರಿಕೆಯ ಬಗ್ಗೆ ಇದ್ದದ್ದು. ಅದು ಹಾಗೇ ಬಿದ್ದಿತ್ತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ, ಇದು ಇನ್ನೂ ಜೀವಂತ ಇದೆ ಅಂತ ಪ್ರಬಂಧ ಬರೆದ. ಸಿ ಗ್ರೇಡ್ ಸಿಕ್ಕಿತು. ಸುಮ್ಮನಾಗದೆ ರಾಜ್ಯ ರಾಜ್ಯಕ್ಕೆ ಕಾಗದ ಬರೆದ. 1992ರಲ್ಲಿ ಅದು 27ನೇ ತಿದ್ದುಪಡಿ ಆಯಿತು. ತುಂಗಾತೀರ ಅವರೇ, ವಿದ್ಯಾರ್ಥಿಗಳು ಇದನ್ನು ಓದಲೇಬೇಕು.

ನ್ಯೂಜೆರ್ಸಿ ಕನ್ನಡತಿ:

ಓದಿ ಖುಷಿ ಆಯಿತು. ನಾವಿರುವ ರಾಜ್ಯದ ಹೆಸರಿನ ಯೋಜನೆಯ ಬಗ್ಗೆ ಕನ್ನಡದಲ್ಲಿ ಇಷ್ಟು ಚರ್ಚೆ ನೋಡಿದ್ದು ಇದೇ ಮೊದಲು.

1787ಕ್ಕೆ ನಿಂತರೆ ನಮ್ಮಂಥವರ ಕಥೆ ಶುರುವೇ ಆಗುವುದಿಲ್ಲ. ನಮಗೆ ಬೇಕಾದ ಸಂವಿಧಾನ 1868ರದು, 14ನೇ ತಿದ್ದುಪಡಿ. 13ನೆಯದು ಗುಲಾಮಗಿರಿ ತೆಗೆಯಿತು. 14ನೆಯದು, ಅಮೆರಿಕದಲ್ಲಿ ಹುಟ್ಟಿ ಅದರ ಕಾನೂನಿನ ವ್ಯಾಪ್ತಿಗೆ ಒಳಪಟ್ಟವರೆಲ್ಲ ಪ್ರಜೆಗಳು ಅಂದಿತು, ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆ ನಿರಾಕರಿಸುವ ಹಾಗಿಲ್ಲ ಅಂದಿತು. ಡ್ರೆಡ್ ಸ್ಕಾಟ್ ತೀರ್ಪಿಗೆ ಉತ್ತರ ಅದು. ಮೊದಲ ಹತ್ತು ತಿದ್ದುಪಡಿಗಳು ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತವೆ ಅಂತ 1833ರಲ್ಲಿ ಕೋರ್ಟು ಹೇಳಿತ್ತು. ಅವುಗಳಲ್ಲಿ ಹೆಚ್ಚಿನವು ರಾಜ್ಯ ಸರ್ಕಾರಗಳಿಗೂ ಅನ್ವಯ ಅಂತ ಆದದ್ದು ಈ 14ನೆಯದರ ಮೂಲಕ, ಅದೂ 20ನೇ ಶತಮಾನದಲ್ಲಿ ಒಂದೊಂದಾಗಿ.

1898ರಲ್ಲಿ ವಾಂಗ್ ಕಿಮ್ ಆರ್ಕ್ ಅನ್ನುವವರ ಕೇಸು ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಚೀನಾದವರು. ಅಪ್ಪ ಅಮ್ಮ ಪ್ರಜೆಗಳಾಗಲು ಕಾನೂನೇ ಬಿಡುತ್ತಿರಲಿಲ್ಲ, ಆದರೂ ಮಗ ಪ್ರಜೆ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ನಮ್ಮವರ ಕೇಸೂ ಒಂದಿದೆ. ಭಗತ್ ಸಿಂಗ್ ಥಿಂಡ್, ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ ಬಿಳಿಯರಿಗೆ ಅಂತ 1790ರಲ್ಲೇ ಕಾನೂನಿತ್ತು, ಆಮೇಲೆ ಆಫ್ರಿಕಾ ಮೂಲದವರನ್ನು ಸೇರಿಸಿದ್ದರು. 1923ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಮೊದಲೇ ಪೌರತ್ವ ಸಿಕ್ಕಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. 1946ರಲ್ಲಿ ಕಾನೂನು ಬದಲಾಗಿ ಬಾಗಿಲು ಸ್ವಲ್ಪ ತೆರೆಯಿತು, ವರ್ಷಕ್ಕೆ 100 ಭಾರತೀಯರು. ನಾವೆಲ್ಲ ಬರಲು ದಾರಿಯಾದದ್ದು 1965ರ ವಲಸೆ ಕಾನೂನಿನಿಂದ. ಆ ಕಾನೂನು ನಾಗರಿಕ ಹಕ್ಕುಗಳ ಹೋರಾಟದ ವರ್ಷಗಳಲ್ಲಿ ಬಂದದ್ದು. ಕರಿಯರು ಲಾಠಿ ಏಟು ತಿಂದು ಗೆದ್ದದ್ದರಲ್ಲಿ ನಮಗೂ ಪಾಲು ಸಿಕ್ಕಿದೆ. ಇಲ್ಲಿನ ನಮ್ಮ ಕನ್ನಡ ಕೂಟಗಳಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು ಅಂತ ನನಗೆ ಬಹಳ ಆಸೆ.

ಪೌರತ್ವದ ಪ್ರಮಾಣ ತೆಗೆದುಕೊಳ್ಳುವಾಗ ಸಂವಿಧಾನವನ್ನು ಮತ್ತು ಕಾನೂನುಗಳನ್ನು ಕಾಪಾಡುತ್ತೇನೆ ಅಂತ ಹೇಳಿಸುತ್ತಾರೆ. ಯಾವ ಅಧ್ಯಕ್ಷರ ಹೆಸರೂ ಅದರಲ್ಲಿ ಇಲ್ಲ. ನನಗೆ ಅದು ಹಿಡಿಸಿತು.

ಕರಾವಳಿ ವಕೀಲ:

ಮೇಡಂ ಹೇಳಿದ 14ನೇ ತಿದ್ದುಪಡಿಗೂ ನಮ್ಮ ಮಂಗಳೂರಿಗೂ ಒಂದು ನಂಟಿದೆ.

ನಮ್ಮ ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರು ಬೆನಗಲ್ ನರಸಿಂಗ ರಾವ್, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ನ್ಯಾಯಾಧೀಶರನ್ನು, ಕಾನೂನು ಪಂಡಿತರನ್ನು ಭೇಟಿಯಾದರು. ಅಮೆರಿಕದ 5 ಮತ್ತು 14ನೇ ತಿದ್ದುಪಡಿಗಳು, ಕಾನೂನಿನ ನ್ಯಾಯಯುತ ಕ್ರಮ ಇಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಅನ್ನುತ್ತವೆ. ನಮ್ಮಲ್ಲೂ ಅದನ್ನು ಹಾಕುವ ಆಲೋಚನೆ ಇತ್ತು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಬೇಡ ಅಂದರು. ಚುನಾಯಿತ ಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ನ್ಯಾಯಾಂಗಕ್ಕೂ ಹೊರೆ ಅಂದರು. ಇದಕ್ಕೆ ಹಿನ್ನೆಲೆ ಇದೆ. ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ಕೆಲಸ ಬೇಡ ಅಂತ ನ್ಯೂಯಾರ್ಕ್ ಮಾಡಿದ್ದ ಕಾನೂನನ್ನು 1905ರಲ್ಲಿ ಲಾಕ್ನರ್ ಮೊಕದ್ದಮೆಯಲ್ಲಿ ಇದೇ ತಿದ್ದುಪಡಿ ಹಿಡಿದು ಕೋರ್ಟು ರದ್ದು ಮಾಡಿತ್ತು. ಬಿಡುಗಡೆಯಾದ ಗುಲಾಮರಿಗೆ ಸಮಾನ ರಕ್ಷಣೆ ಕೊಡಲು ಬಂದ ತಿದ್ದುಪಡಿ ಮಾಲೀಕರ ಕೈಗೆ ಹೋಗಿತ್ತು. ಬಡ ದೇಶವಾದ ನಮ್ಮಲ್ಲಿ ಕಾರ್ಮಿಕ ಕಾನೂನು, ಭೂಸುಧಾರಣೆ ಎಲ್ಲಾ ಬರಬೇಕಿತ್ತು. ನಮ್ಮ 21ನೇ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಅಂತ ಬಂತು.

ಸೆನೆಟ್ ಪ್ರಶ್ನೆಗೂ ಇದು ತಾಗುತ್ತದೆ. ನಮ್ಮಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಂಡು ಒಕ್ಕೂಟ ಹುಟ್ಟಲಿಲ್ಲ ಅಂತ ಅಂಬೇಡ್ಕರ್ ಅವರು 1948ರ ನವೆಂಬರ್ 4ರ ಭಾಷಣದಲ್ಲಿ ಹೇಳಿದರು. ಸಮಪಾಲು ಕೊಡಿ ಅಂತ ಹೆದರಿಸುವ ಡೆಲವೇರ್ ನಮ್ಮಲ್ಲಿ ಇರಲಿಲ್ಲ. ಅಲ್ಲಿನ ಅಧ್ಯಕ್ಷೀಯ ಪದ್ಧತಿ ಸ್ಥಿರತೆ ಹೆಚ್ಚು ಕೊಡುತ್ತದೆ, ನಮ್ಮ ಸಂಸದೀಯ ಪದ್ಧತಿ ಹೊಣೆಗಾರಿಕೆ ಹೆಚ್ಚು ಕೊಡುತ್ತದೆ, ನಾವು ಹೊಣೆಗಾರಿಕೆ ಆರಿಸಿಕೊಂಡೆವು ಅನ್ನುವುದೂ ಅದೇ ಭಾಷಣದಲ್ಲಿದೆ. ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಿದವರು, ಅಮೆರಿಕವನ್ನು ಹತ್ತಿರದಿಂದ ಕಂಡವರು.

ಕೆಂಪುಮಣ್ಣು:

ವಕೀಲರೇ, ಫ್ರಾಂಕ್‌ಫರ್ಟರ್ ಮಾತು ಕೇಳಿದ್ದಕ್ಕೆ ನಾವು ಬೆಲೆ ಕೊಟ್ಟಿದ್ದೇವೆ. 1950ರ ಎ.ಕೆ. ಗೋಪಾಲನ್ ತೀರ್ಪಿನಲ್ಲಿ, ಕಾನೂನು ಅಂತ ಒಂದಿದ್ದರೆ ಸಾಕು, ಅದು ನ್ಯಾಯವಾಗಿದೆಯಾ ಅಂತ ಕೋರ್ಟು ನೋಡುವುದಿಲ್ಲ ಅನ್ನುವ ಹಾಗಾಯಿತು. 1976ರಲ್ಲಿ ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿದವರು ಕೋರ್ಟಿಗೆ ಬಂದಾಗ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಕೈ ಚೆಲ್ಲಿದರು. ಎದ್ದು ನಿಂತವರು ಎಚ್.ಆರ್. ಖನ್ನಾ ಒಬ್ಬರೇ. 1978ರ ಮೇನಕಾ ಗಾಂಧಿ ತೀರ್ಪು ಬರುವ ತನಕ 21ನೇ ವಿಧಿಗೆ ಬಲ ಇರಲಿಲ್ಲ.

ಕರಾವಳಿ ವಕೀಲ:

ಒಪ್ಪುತ್ತೇನೆ. ಆದರೆ 1950ರ ದಶಕದಲ್ಲಿ ಜಮೀನ್ದಾರರು ಕೋರ್ಟಿಗೆ ಹೋದಾಗ ಆ ಅಮೆರಿಕನ್ ಸಾಲು ನಮ್ಮಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅನ್ನೋದನ್ನೂ ತೂಗಿ ನೋಡಬೇಕು. ನರಸಿಂಗ ರಾವ್ ಮುಂದೆ ಇದ್ದದ್ದು ಲಾಕ್ನರ್. ನಿಮ್ಮ ಮುಂದೆ ಇರುವುದು ತುರ್ತು ಪರಿಸ್ಥಿತಿ. ಎರಡೂ ನಿಜವಾದ ಭಯವೇ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಪಟ್ಟಿಯ ಒಂದೊಂದು ಅಂಶದ ಪಕ್ಕ, ಯಾರ ಯಾವ ಭಯದಿಂದ ಇದು ಬಂತು ಅಂತ ಬರೆದುಕೊಳ್ಳುತ್ತಿದ್ದೇನೆ. ಒಂದೇ ಒಂದು ಕೊನೆಯ ಪ್ರಶ್ನೆ ಮೇಷ್ಟ್ರೇ. ಸೆನೆಟ್‌ನ ಸಮಪಾಲನ್ನು ಈಗ ಬದಲಾಯಿಸಬಹುದಾ?

ಇತಿಹಾಸದ ಮೇಷ್ಟ್ರು:

ಹೆಚ್ಚುಕಡಿಮೆ ಆಗುವುದಿಲ್ಲ. 5ನೇ ವಿಧಿ ಓದಿ. ತಿದ್ದುಪಡಿಗೆ ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ, ಆಮೇಲೆ ನಾಲ್ಕನೇ ಮೂರು ಭಾಗ ರಾಜ್ಯಗಳ ಒಪ್ಪಿಗೆ ಬೇಕು. 50ರಲ್ಲಿ 38. ರಾಜ್ಯಗಳು ಕೇಳಿದರೆ ಹೊಸ ಸಭೆ ಕರೆಯುವ ದಾರಿಯೂ ಇದೆ, ಆ ದಾರಿಯಲ್ಲಿ ಇದುವರೆಗೆ ಒಂದೂ ತಿದ್ದುಪಡಿ ಬಂದಿಲ್ಲ. ಅದೇ ವಿಧಿಯ ಕೊನೆಯಲ್ಲಿ ಬರೆದಿದ್ದಾರೆ: ಯಾವ ರಾಜ್ಯದಿಂದಲೂ, ಅದರ ಒಪ್ಪಿಗೆ ಇಲ್ಲದೆ, ಸೆನೆಟ್‌ನಲ್ಲಿನ ಸಮಾನ ಮತವನ್ನು ಕಿತ್ತುಕೊಳ್ಳುವ ಹಾಗಿಲ್ಲ. ಇದನ್ನು ಸೇರಿಸಿದ್ದು ಸಭೆ ಮುಗಿಯುವ ಎರಡು ದಿನ ಮೊದಲು, ಸಣ್ಣ ರಾಜ್ಯಗಳ ಗೊಣಗಾಟ ಕೇಳಿ. ಗುಲಾಮರ ಆಮದಿಗೆ ಕೊಟ್ಟ ರಕ್ಷಣೆಗೆ 1808 ಅಂತ ಗಡುವಿತ್ತು. ಇದಕ್ಕೆ ಗಡುವು ಇಲ್ಲ.

ಬದಲಾದದ್ದು ಒಂದು. ಮೊದಲು ಸೆನೆಟರುಗಳನ್ನು ರಾಜ್ಯಗಳ ಶಾಸನ ಸಭೆಗಳು ಆರಿಸುತ್ತಿದ್ದವು. 1913ರ 17ನೇ ತಿದ್ದುಪಡಿಯಿಂದ ಜನರೇ ನೇರವಾಗಿ ಆರಿಸುತ್ತಾರೆ. ಉತ್ತರ ಬರೆಯುವಾಗ ಈ ಎರಡನ್ನೂ ಸೇರಿಸಿ, 5ನೇ ವಿಧಿಯ ಆ ಸಾಲನ್ನು ತಪ್ಪದೆ ಉಲ್ಲೇಖಿಸಿ.